ಬಡಾವಣೆ ಕೆರೆಯ ಹಕ್ಕಿಗಳನ್ನು ತಪ್ಪಿಲ್ಲದೆ ಪಟ್ಟಿ ಮಾಡುವುದು ಹೇಗೆ? ಮೈಸೂರು–ಮಂಡ್ಯದವರಿಗೆ ಸಮಗ್ರ ಮಾರ್ಗದರ್ಶಿ

ಭಾನುವಾರ ಮಧ್ಯಾಹ್ನವಾದರೆ ನನ್ನ ಫೋನಿಗೆ ಕೆರೆಯ ಫೋಟೋಗಳು ಬರತೊಡಗುತ್ತವೆ. ನೀರಿನಾಚೆ ಎಲ್ಲೋ ಒಂದು ಬಿಳಿ ಚುಕ್ಕೆ, ಕೆಳಗೆ "ಇದು ಯಾವ ಕೊಕ್ಕರೆ ಸಾರ್?" ಅಂತ ಪ್ರಶ್ನೆ. ಕೆಲವರು ಪಟ್ಟಿಯನ್ನೇ ಕಳಿಸುತ್ತಾರೆ. ಅದರಲ್ಲಿ ಕೊಕ್ಕರೆ 30, ನೀರುಕಾಗೆ 20, ಬಾತುಕೋಳಿ 50. ಬಾತುಕೋಳಿ ಅಂದದ್ದರಲ್ಲಿ ಹೆಚ್ಚಿನವು ಬಾತುಗಳೇ ಅಲ್ಲ, ಕೊಕ್ಕರೆ ಅಂದದ್ದು ಕೊಕ್ಕರೆಯೂ ಅಲ್ಲ.

ತಪ್ಪು ಕಣ್ಣಿನದಲ್ಲ, ಕ್ರಮದ್ದು. ಹಕ್ಕಿ ಕಂಡ ಕೂಡಲೇ ಹೆಸರಿಗೆ ಕೈ ಹಾಕುತ್ತೇವೆ. ಫೋನ್ ಎತ್ತಿ ಫೋಟೋ ಹೊಡೆದು ಆ್ಯಪ್‌ಗೆ ಕೊಡುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ, ನೋಡಬೇಕಾದ್ದನ್ನು ನೋಡಿರುವುದಿಲ್ಲ. ಕೆಳಗಿನ ಹಂತಗಳಲ್ಲಿ ಹೆಸರು ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ತಾಳ್ಮೆ ಇರಲಿ.

## ಹೊರಡುವ ಮುನ್ನ

### ಹಂತ 1: ಒಂದೇ ಕೆರೆ, ಸರಿಯಾದ ಹೊತ್ತು

ಈ ವಾರ ಕುಕ್ಕರಹಳ್ಳಿ, ಮುಂದಿನ ವಾರ ಲಿಂಗಾಂಬುಧಿ, ಅದರಾಚೆ ರಂಗನತಿಟ್ಟು ಅಂತ ಸುತ್ತಬೇಡಿ. ಮನೆಗೆ ಹತ್ತಿರದ ಒಂದೇ ಕೆರೆಗೆ ಕನಿಷ್ಠ ಎಂಟು ಸಲ ಹೋಗಿ. ಯಾವ ಕೊಂಬೆಯ ಮೇಲೆ ಯಾರು ಕೂರುತ್ತಾರೆ ಅಂತ ತಿಳಿದ ಮೇಲೆಯೇ ಹೊಸಬರು ಬಂದದ್ದು ಗೊತ್ತಾಗುವುದು.

ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ ಒಳ್ಳೆಯ ಹೊತ್ತು. ಜನವರಿಯಲ್ಲಿ ನಮ್ಮಲ್ಲಿ ಸೂರ್ಯೋದಯ 6:45ರ ಆಸುಪಾಸು, ಜೂನ್‌ನಲ್ಲಿ 6ರ ಸುಮಾರಿಗೆ. ಚಳಿಗಾಲದಲ್ಲಿ ಮಂಜು ಕವಿದಿದ್ದರೆ ಅವಸರ ಮಾಡಬೇಡಿ, 7:30ರವರೆಗೆ ಏನೂ ಕಾಣುವುದಿಲ್ಲ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬೇಕಾದ ಕಾರಂಜಿ ಕೆರೆಗೆ ಮಂಗಳವಾರ ರಜೆ, ಆ ದಿನ ಹೋಗಿ ಗೇಟು ನೋಡಿಕೊಂಡು ಬಂದವರು ಬಹಳ ಜನ.

ಬೆಳಕು ನಿಮ್ಮ ಬೆನ್ನಿಗಿರಬೇಕು. ಬೆಳಿಗ್ಗೆ ಕೆರೆಯ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಪಡುವಣದ ದಡದಲ್ಲಿ ನಿಂತರೆ ಎದುರಿನ ಬಿಸಿಲಿಗೆ ಬಿಳಿ ಹಕ್ಕಿಯೂ ಕಪ್ಪಾಗಿ ಕಾಣುತ್ತದೆ. ನನಗೆ ಬರುವ ತಪ್ಪು ಗುರುತುಗಳಲ್ಲಿ ಅರ್ಧ ಈ ಒಂದು ಕಾರಣಕ್ಕೆ.

ಮಂಡ್ಯದ ಕಡೆಯವರಿಗೆ ಒಂದು ಮಾತು. ಊರಲ್ಲಿ ಒಳ್ಳೆಯ ಕೆರೆ ಇಲ್ಲ ಅಂತ ಕೊರಗಬೇಡಿ. ನಾಲೆ ನೀರು ಹರಿದು ನಾಟಿಗೆ ಹದ ಮಾಡಿದ ಗದ್ದೆ ಕೆರೆಯ ಅಂಚಿನಷ್ಟೇ ಒಳ್ಳೆಯ ಜಾಗ. ಟ್ರ್ಯಾಕ್ಟರ್ ಹಿಂದೆ ಸಾಲಾಗಿ ನಡೆಯುವ ಗೋವಕ್ಕಿಗಳಿಂದಲೇ ಪಾಠ ಶುರು ಮಾಡಬಹುದು.

### ಹಂತ 2: ಸಾಮಾನು

ಬೈನಾಕ್ಯುಲರ್, ಜೇಬಿಗೆ ಹಿಡಿಸುವ ನೋಟ್‌ಬುಕ್, ಪೆನ್ಸಿಲ್, ಮುಚ್ಚಿದ ಶೂ, ಟೋಪಿ, ನೀರು. ಪೆನ್ನು ಬೇಡ, ಇಬ್ಬನಿ ಬಿದ್ದ ಕಾಗದದ ಮೇಲೆ ಅದು ಮೂಡುವುದಿಲ್ಲ. ಬಿಳಿ ಅಂಗಿ ಬೇಡ. ಮಣ್ಣು, ಎಲೆ ಬಣ್ಣದ್ದು ಯಾವುದಾದರೂ ಸರಿ.

ಬೈನಾಕ್ಯುಲರ್ ಕೊಳ್ಳುವುದಾದರೆ ಮೇಲೆ 8x42 ಅಥವಾ 8x40 ಅಂತ ಬರೆದಿರುವುದನ್ನು ನೋಡಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. 20 ಪಟ್ಟು, 30 ಪಟ್ಟು ಅಂತ ಮಾರುವುದನ್ನು ಕೊಂಡರೆ ಕೈ ನಡುಗಿದಷ್ಟೂ ಕೆರೆಯೇ ನಡುಗುತ್ತದೆ. ದೊಡ್ಡ ಕ್ಯಾಮೆರಾ ಇದ್ದರೆ ಮೊದಲ ನಾಲ್ಕು ವಾರ ಮನೆಯಲ್ಲೇ ಬಿಡಿ. ಇದಕ್ಕೆ ಬೈಯುವವರು ಬೈಯಲಿ.

### ಹಂತ 3: ಬೈನಾಕ್ಯುಲರ್ ಹೊಂದಿಸುವುದು

ಇದನ್ನು ಮನೆಯ ತಾರಸಿಯ ಮೇಲೇ ಮುಗಿಸಿಕೊಳ್ಳಿ. ಎರಡು ನಳಿಗೆಗಳನ್ನು ಮಡಚಿ ಬಿಚ್ಚಿ, ಎರಡು ವೃತ್ತಗಳು ಸೇರಿ ಒಂದೇ ವೃತ್ತ ಕಾಣುವಂತೆ ಮಾಡಿ. ಆಮೇಲೆ ಬಲಗಣ್ಣು ಮುಚ್ಚಿ, ದೂರದ ಬೋರ್ಡೊಂದರ ಅಕ್ಷರ ಎಡಗಣ್ಣಿಗೆ ಸ್ಪಷ್ಟವಾಗುವವರೆಗೆ ನಡುವಿನ ಚಕ್ರ ತಿರುಗಿಸಿ. ಈಗ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರದ ಬಳೆಯನ್ನು ಮಾತ್ರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆ ಬಳೆ ಎಲ್ಲಿ ನಿಂತಿತೋ ಅದು ನಿಮ್ಮ ಕಣ್ಣಿನ ಅಳತೆ, ಮತ್ತೆ ಅದನ್ನು ಮುಟ್ಟುವ ಕೆಲಸವಿಲ್ಲ. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲುಗಳನ್ನು ಕೆಳಕ್ಕೆ ಇಳಿಸಿಕೊಳ್ಳಬೇಕು.

ಹಕ್ಕಿಯನ್ನು ಹುಡುಕುವಾಗ ಬೈನಾಕ್ಯುಲರ್‌ನಿಂದ ಹುಡುಕಬೇಡಿ. ಬರಿಗಣ್ಣಲ್ಲಿ ಹಕ್ಕಿಯನ್ನು ನೋಡಿ, ನೋಟ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿನ ಮುಂದಕ್ಕೆ ತನ್ನಿ. ಹತ್ತು ಸಲ ಮಾಡಿದರೆ ಕೈ ಪಳಗುತ್ತದೆ.

## ಕೆರೆ ಏರಿಯ ಮೇಲೆ

### ಹಂತ 4: ಹತ್ತು ನಿಮಿಷ ಸುಮ್ಮನೆ ನಿಲ್ಲುವುದು

ಏರಿ ಹತ್ತಿದ ಕೂಡಲೇ ನಡೆಯಲು ಶುರು ಮಾಡುವುದು ದೊಡ್ಡ ತಪ್ಪು. ನೀವು ಬಂದ ಸದ್ದಿಗೆ ಜೊಂಡಿನ ಅಂಚಿನಲ್ಲಿದ್ದವೆಲ್ಲ ಒಳಗೆ ಸರಿದಿರುತ್ತವೆ, ಹತ್ತು ನಿಮಿಷ ನಿಂತರೆ ಒಂದೊಂದಾಗಿ ಹೊರಗೆ ಬರುತ್ತವೆ. ವಾಕಿಂಗ್‌ನವರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ನಡೆದು ಹೋಗುವವರು ಹಕ್ಕಿಗಳಿಗೆ ರೂಢಿಯಾಗಿದ್ದಾರೆ. ನಿಂತು ಬೆರಳು ತೋರಿಸುವವರನ್ನು ಕಂಡರೆ ಮಾತ್ರ ಅವು ಹೆದರುತ್ತವೆ. (ವಾಕಿಂಗ್‌ನ ಒಬ್ಬ ಯಜಮಾನರು ನಾಮದಕೋಳಿ ತೋರಿಸಿ ದಿನಾ ನನ್ನನ್ನು ಕೇಳುತ್ತಾರೆ: "ಅದು ತಿನ್ನಕ್ಕೆ ಬರುತ್ತಾ?")

ನಿಂತಲ್ಲೇ ಕೆರೆಯನ್ನು ಮನಸ್ಸಿನಲ್ಲಿ ಪಟ್ಟೆಗಳಾಗಿ ಹಂಚಿಕೊಳ್ಳಿ: ನಡು ನೀರು, ಅಂತರಗಂಗೆ ಮತ್ತು ತಾವರೆ ಎಲೆ ಹರಡಿದ ಜಾಗ, ಜೊಂಡು, ಕೆಸರಿನ ಅಂಚು, ನೀರಿನ ಮೇಲೆ ಬಾಗಿದ ಮರ, ಆಕಾಶ. ಹಕ್ಕಿ ಯಾವ ಪಟ್ಟೆಯಲ್ಲಿದೆ ಅಂತ ಗೊತ್ತಾದರೆ ಊಹೆಯ ಮುಕ್ಕಾಲು ಕೆಲಸ ಮುಗಿದ ಹಾಗೆ. ನಡು ನೀರಿನಲ್ಲಿ ತೇಲುತ್ತಿದ್ದರೆ ಗುಳುಮುಳುಕ, ನಾಮದಕೋಳಿ, ವರಟೆ, ನೀರುಕಾಗೆ, ಹೆಜ್ಜಾರ್ಲೆ (ಪೆಲಿಕನ್) ಇವಿಷ್ಟರಲ್ಲಿ ಒಂದಿರಬಹುದು. ಎಲೆಯ ಮೇಲೆ ಉದ್ದ ಬೆರಳು ಚಾಚಿ ನಡೆಯುತ್ತಿದ್ದರೆ ದೇವನಕ್ಕಿ. ಕೆಸರಿನ ಅಂಚಿನಲ್ಲಿ ಬಾಲ ಕುಣಿಸಿದರೆ ಸಿಪಿಲೆ, ಗುಲಾಬಿ ಬಣ್ಣದ ಉದ್ದ ಕಾಲಿದ್ದರೆ ಮೆಟ್ಟುಗಾಲು ಹಕ್ಕಿ. ಹಗಲಿಡೀ ದಟ್ಟ ಎಲೆಯೊಳಗೆ ಗೂನುಬೆನ್ನು ಮಾಡಿಕೊಂಡು ಕೂತದ್ದು ಇರುಳು ಬಕ.

### ಹಂತ 5: ಬರೆದುಕೊಳ್ಳುವುದು

ಒಂದು ಹಕ್ಕಿಗೆ ಐದು ವಿಷಯ, ಇದೇ ಕ್ರಮದಲ್ಲಿ: ಯಾವ ಪಟ್ಟೆ, ಎಷ್ಟು ದೊಡ್ಡದು, ಕೊಕ್ಕು ಹೇಗಿದೆ, ಕಾಲು ಹೇಗಿದೆ, ಏನು ಮಾಡುತ್ತಿದೆ. ಗಾತ್ರಕ್ಕೆ ಗುಬ್ಬಿ, ಮೈನಾ, ಕಾಗೆ, ಹದ್ದು ಈ ನಾಲ್ಕನ್ನು ಅಳತೆಗೋಲು ಮಾಡಿಕೊಳ್ಳಿ. "ಕಾಗೆಗಿಂತ ದೊಡ್ಡದು, ಹದ್ದಿಗಿಂತ ಚಿಕ್ಕದು" ಅಂತ ಬರೆದರೆ ಸಾಕು. ಮೈಬಣ್ಣ ಬೇಕಾದರೆ ಆರನೆಯದಾಗಿ ಬರೆಯಿರಿ. ಬಣ್ಣ ಬಿಸಿಲಿಗೆ, ವಯಸ್ಸಿಗೆ, ಮರಿ ಮಾಡುವ ಕಾಲಕ್ಕೆ ಬದಲಾಗುತ್ತದೆ, ಕೊಕ್ಕಿನ ಆಕಾರ ಬದಲಾಗುವುದಿಲ್ಲ.

ಬರೆದು ಮುಗಿಯುವ ತನಕ ಫೋನ್ ಜೇಬಿನಲ್ಲೇ ಇರಲಿ. ಮರ್ಲಿನ್ ಥರದ ಆ್ಯಪ್‌ಗಳು ಒಳ್ಳೆಯವೇ, ನಾನೂ ಬಳಸುತ್ತೇನೆ. ಆದರೆ ಕೊಟ್ಟ ಫೋಟೋ ಮಸುಕಾಗಿದ್ದರೂ ಅವು ಏನೋ ಒಂದು ಹೆಸರು ಮುಂದಿಡುತ್ತವೆ. ಕೈಯಲ್ಲಿ ಟಿಪ್ಪಣಿ ಇದ್ದರೆ ಆ ಹೆಸರನ್ನು ಒಪ್ಪಬೇಕೋ ಬಿಡಬೇಕೋ ಅಂತ ನೀವೇ ತೀರ್ಮಾನಿಸಬಹುದು.

## ಎಲ್ಲರೂ ಎಡವುವ ಜಾಗಗಳು

### ಹಂತ 6: ಬಿಳಿಯವನ್ನು ಬಿಡಿಸುವುದು

ನಮ್ಮ ಕಡೆ ಬಿಳಿಯಾಗಿ ಉದ್ದ ಕಾಲಿದ್ದದ್ದೆಲ್ಲ ಕೊಕ್ಕರೆ. ಮಾತಿನಲ್ಲಿ ಅದು ಸರಿ, ಪಟ್ಟಿಯಲ್ಲಿ ಸರಿಯಲ್ಲ. ಹಕ್ಕಿ ನೋಡುವವರ ಲೆಕ್ಕದಲ್ಲಿ ಕೊಕ್ಕರೆ ಅಂದರೆ ದಪ್ಪ, ಭಾರದ ಕೊಕ್ಕಿನ ದೊಡ್ಡ ಹಕ್ಕಿ: ಬಣ್ಣದ ಕೊಕ್ಕರೆ, ಬಾಯ್ಕಳಕ. ಅವು ಹಾರುವಾಗ ಕುತ್ತಿಗೆಯನ್ನು ಮುಂದಕ್ಕೆ ನೆಟ್ಟಗೆ ಚಾಚುತ್ತವೆ. ಬೆಳ್ಳಕ್ಕಿ ಮತ್ತು ಬಕಗಳು ಕುತ್ತಿಗೆಯನ್ನು ಮಡಚಿ ಹೆಗಲಿಗೆ ಒತ್ತಿಕೊಂಡು ಹಾರುತ್ತವೆ. ಮೊದಲ ವಿಂಗಡಣೆ ಇಲ್ಲೇ ಆಗಲಿ.

ಈಗ ಬೆಳ್ಳಕ್ಕಿಗಳು. ನಾಲ್ಕು ಜಾತಿ ಒಂದೇ ಕೆರೆಯಲ್ಲಿ ಸಿಗುತ್ತವೆ.

ಚಿಕ್ಕ ಬೆಳ್ಳಕ್ಕಿಗೆ ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ. ನೀರಿನಲ್ಲಿ ನಿಂತಾಗ ಪಾದ ಕಾಣದು, ಆದ್ದರಿಂದ ಅದು ಹೆಜ್ಜೆ ಎತ್ತುವವರೆಗೆ ಕಾಯಿರಿ. ಮೊನ್ನೆ ತೂಬಿನ ಹತ್ತಿರ ಒಂದು ನಿಂತಿತ್ತು, ನನ್ನಿಂದ ಹದಿನೈದು ಅಡಿ ಇರಬಹುದು. ಒಂದು ಕಾಲನ್ನು ಮುಂದಿಟ್ಟು, ಒಲೆ ಮೇಲಿನ ಪಾತ್ರೆ ಕೈ ತಾಗಿದಾಗ ಬೆರಳು ನಡುಗುವ ಹಾಗೆ ಆ ಪಾದವನ್ನು ನೀರೊಳಗೆ ಸಣ್ಣಗೆ ಅದುರಿಸಿತು. ಕೆಸರು ಹೊಗೆಯಂತೆ ಎದ್ದಿತು. ಅದರಿಂದ ಚಿಮ್ಮಿದ ಬೆರಳುಗಾತ್ರದ ಮೀನು ಮರುಕ್ಷಣ ಕೊಕ್ಕಿನಲ್ಲಿತ್ತು. ಪಾದ ಮೇಲೆತ್ತಿದಾಗ ಕಪ್ಪು ಕಾಲಿಗೆ ಅರಿಶಿನ ಹಚ್ಚಿದ ಹಾಗೆ ಹಳದಿ ಕಂಡಿತು. ಆ ಒಂದು ಗುರುತು ಸಾಕು.

ಗೋವಕ್ಕಿಗೆ ಗಿಡ್ಡ ಹಳದಿ ಕೊಕ್ಕು, ಗಿಡ್ಡ ಕುತ್ತಿಗೆ, ಗದ್ದದಡಿ ಪುಕ್ಕ ಉಬ್ಬಿ ದವಡೆ ಊದಿದಂತೆ ಕಾಣುತ್ತದೆ. ನೀರಿಗಿಂತ ಹುಲ್ಲಿನಲ್ಲಿ, ದನದ ಕಾಲಡಿಯಲ್ಲಿ ಹೆಚ್ಚು. ಮರಿ ಮಾಡುವ ಕಾಲದಲ್ಲಿ ತಲೆ, ಕುತ್ತಿಗೆ ಕೇಸರಿಯಾಗುತ್ತವೆ. "ಬಣ್ಣ ಎರಚಿದ್ದಾರೆ" ಅಂತ ಒಬ್ಬರು ಬೇಸರದಿಂದ ಕಳಿಸಿದ್ದ ಫೋಟೋ ಇದೇ ಹಕ್ಕಿಯದು.

ದೊಡ್ಡ ಬೆಳ್ಳಕ್ಕಿ ಮತ್ತು ಮಧ್ಯಮ ಬೆಳ್ಳಕ್ಕಿ, ಇವೆರಡೇ ನಿಜವಾದ ತಲೆನೋವು. ಎರಡಕ್ಕೂ ಸಾಮಾನ್ಯವಾಗಿ ಹಳದಿ ಕೊಕ್ಕು, ಕಪ್ಪು ಕಾಲು. ಒಂಟಿಯಾಗಿ ನಿಂತರೆ ಗಾತ್ರ ನಂಬುವ ಹಾಗಿಲ್ಲ. ನೋಡಬೇಕಾದ್ದು ಬಾಯಿಯ ಗೆರೆ. ಕೊಕ್ಕಿನ ಬುಡದಿಂದ ಹಿಂದಕ್ಕೆ ಹೋಗುವ ಗೆರೆ ಕಣ್ಣನ್ನು ದಾಟಿ ಹಿಂದೆ ಹೋದರೆ ದೊಡ್ಡದು, ಕಣ್ಣಿನ ನೇರಕ್ಕೇ ನಿಂತರೆ ಮಧ್ಯಮ. ದೊಡ್ಡದರ ಕುತ್ತಿಗೆಯಲ್ಲಿ ಮೂಳೆ ಮುರಿದಂಥ ಒಂದು ಗಂಟು ಎದ್ದು ಕಾಣುತ್ತದೆ. ಮರಿ ಮಾಡುವ ಕಾಲದಲ್ಲಿ ದೊಡ್ಡದರ ಕೊಕ್ಕು ಕಪ್ಪಾಗುತ್ತದೆ. ಬರೀ ಕೊಕ್ಕಿನ ಬಣ್ಣ ನಂಬಿದವರು ಆಗ ಅದನ್ನು ಚಿಕ್ಕ ಬೆಳ್ಳಕ್ಕಿ ಅಂತ ಬರೆದುಬಿಡುತ್ತಾರೆ. ಪಾದ ನೋಡಿ. ದೊಡ್ಡದರ ಪಾದ ಹಳದಿಯಲ್ಲ.

ಉಳಿದ ಬಿಳಿಯವು ಸುಲಭ. ಬೋಳು ಕಪ್ಪು ತಲೆ, ಕುಡುಗೋಲಿನಂತೆ ಕೆಳಕ್ಕೆ ಬಾಗಿದ ಕೊಕ್ಕು ಇದ್ದರೆ ಕರಿತಲೆ ಕೆಂಬರಲು. ಚಪ್ಪಟೆ ಕೊಕ್ಕನ್ನು ನೀರಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆದರೆ ಚಮಚದ ಕೊಕ್ಕು. ಇನ್ನು, ಮಣ್ಣುಬಣ್ಣದ್ದಾಗಿ ಕೂತಿದ್ದು ಹಾರುವಾಗ ಇದ್ದಕ್ಕಿದ್ದಂತೆ ಬೆಳ್ಳಗಾಗುವುದು ಕೊಳಬಕ. ರೆಕ್ಕೆ ಬಿಳಿ, ಬೆನ್ನು ಕಂದು. ಹಾರಿದಾಗ ಮಾತ್ರ ನೋಡಿದವರ ಪಟ್ಟಿಯಲ್ಲಿ ಇದು ಬೆಳ್ಳಕ್ಕಿಯಾಗಿ ಸೇರಿಕೊಂಡಿರುತ್ತದೆ.

### ಹಂತ 7: ಕಪ್ಪಾಗಿ ಮುಳುಗುವವು

ಮುಳುಗುವ ಹಕ್ಕಿ ಕಂಡರೆ ಮೊದಲು ತೇಲುವ ಬಗೆ ನೋಡಿ. ಹಾವಕ್ಕಿ ಈಜುವಾಗ ಮೈ ನೀರೊಳಗಿರುತ್ತದೆ, ಹಾವು ಹೆಡೆ ಎತ್ತಿದ ಹಾಗೆ ಕುತ್ತಿಗೆ ಮಾತ್ರ ಹೊರಗೆ. ಅದರ ಕೊಕ್ಕು ಭರ್ಚಿಯಂತೆ ನೇರ, ಚೂಪು. ಮೀನನ್ನು ಚುಚ್ಚಿ ಮೇಲೆ ತಂದು, ಗಾಳಿಗೆ ಎಸೆದು, ತಲೆ ಮೊದಲಾಗಿ ಹಿಡಿದು ನುಂಗುತ್ತದೆ. ನೀರುಕಾಗೆಯ ಕೊಕ್ಕಿನ ತುದಿ ಕೊಂಡಿಯಂತೆ ಬಾಗಿರುತ್ತದೆ, ಅದು ಚುಚ್ಚುವುದಿಲ್ಲ, ಕಚ್ಚಿ ಹಿಡಿಯುತ್ತದೆ. ರೆಕ್ಕೆ ಬಿಚ್ಚಿ ಒಣಗಿಸುವುದು ಎರಡಕ್ಕೂ ಅಭ್ಯಾಸ, ಅದನ್ನೇ ಗುರುತು ಮಾಡಿಕೊಳ್ಳಬೇಡಿ.

ನೀರುಕಾಗೆಯಲ್ಲೇ ಮೂರು. ಬಡಾವಣೆ ಕೆರೆಯಲ್ಲಿ ಹೆಚ್ಚಾಗಿರುವುದು ಚಿಕ್ಕ ನೀರುಕಾಗೆ: ಅರ್ಧ ಮೀಟರ್ ಉದ್ದ, ಮೋಟು ಕೊಕ್ಕು, ಗುಂಡು ತಲೆ. ಕೊಕ್ಕು ಸಪೂರವಾಗಿ ಉದ್ದವಿದ್ದು ಕಣ್ಣು ಹಸಿರುನೀಲಿ ಇದ್ದರೆ ಭಾರತೀಯ ನೀರುಕಾಗೆ. ಪಕ್ಕದ ಚಿಕ್ಕದು ಇದರ ಮಗುವಿನಂತೆ ಕಂಡು, ಗಂಟಲಲ್ಲಿ ಹಳದಿ–ಬಿಳಿ ತೇಪೆ ಇದ್ದರೆ ದೊಡ್ಡ ನೀರುಕಾಗೆ.

ನಾಮದಕೋಳಿ ಕಪ್ಪು ಮೈ, ಹಣೆಗೆ ಬಿಳಿ ನಾಮ, ಬಿಳಿ ಕೊಕ್ಕು. ಇದನ್ನೇ ಹೆಚ್ಚಿನವರು ಬಾತುಕೋಳಿ ಅನ್ನುವುದು. ಬಾತಿನ ಕೊಕ್ಕು ಚಪ್ಪಟೆ, ಇದರದು ಕೋಳಿಯ ಹಾಗೆ ಚೂಪು. ಗುಳುಮುಳುಕ ಮುಷ್ಟಿಗಾತ್ರದ್ದು, ಬಾಲವೇ ಇಲ್ಲದಂತೆ ಕಾಣುತ್ತದೆ, ಮುಳುಗಿದ ಜಾಗದಲ್ಲಿ ಏಳುವುದೇ ಇಲ್ಲ. ನಿಜವಾದ ಬಾತು ಬೇಕೆಂದರೆ ವರಟೆಯನ್ನು ಹುಡುಕಿ: ಕಪ್ಪು ಕೊಕ್ಕಿನ ತುದಿ ಹಳದಿ, ಬುಡದಲ್ಲಿ ಕೆಂಪು ಚುಕ್ಕೆ.

### ಹಂತ 8: ಇನ್ನೆರಡು ಗೊಂದಲ

ಹದ್ದಿನ ಬಾಲ ಕವಲು, ಗರುಡನ ಬಾಲ ದುಂಡು. ಬಿಳಿ ತಲೆಯ ಕೆಂಗಂದು ಗರುಡ ಎಲ್ಲರಿಗೂ ಗೊತ್ತು, ಅದರ ಕಂದು ಮರಿ ಹದ್ದಿನ ಹಾಗೇ ಇರುತ್ತದೆ, ಅಲ್ಲಿ ಬಾಲವೇ ಗತಿ. ಮಿಂಚುಳ್ಳಿಗಳಲ್ಲಿ ನೀರಿನ ಮೇಲೆ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವುದು ಕಪ್ಪುಬಿಳಿ ಮಿಂಚುಳ್ಳಿ. ಕರೆಂಟ್ ತಂತಿಯ ಮೇಲೆ, ಕೆರೆಯಿಂದ ದೂರವೂ ಕಾಣುವ ಬಿಳಿ ಎದೆಯದ್ದು ಗದ್ದೆ ಮಿಂಚುಳ್ಳಿ, ಅದು ಮಿಡತೆ, ಹಲ್ಲಿಯನ್ನೂ ತಿನ್ನುತ್ತದೆ.

## ಎಣಿಕೆ

### ಹಂತ 9: ಒಂದನ್ನು ಎರಡು ಸಲ ಎಣಿಸದಿರುವುದು

ಕೆರೆ ಸುತ್ತು ಹಾಕುತ್ತಾ ಎಣಿಸಿದರೆ ನಿಮ್ಮ ಮುಂದೆ ಹಾರಿದ ಗುಂಪು ಮುಂದಿನ ತಿರುವಿನಲ್ಲಿ ಮತ್ತೆ ಸಿಗುತ್ತದೆ. ಮೂರೋ ನಾಲ್ಕೋ ನಿಲುಗಡೆ ಮೊದಲೇ ಗೊತ್ತು ಮಾಡಿಕೊಳ್ಳಿ. ಪ್ರತಿ ನಿಲುಗಡೆಯಲ್ಲಿ ಎದುರಿನ ತುಂಡನ್ನು ಮಾತ್ರ ಎಡದಿಂದ ಬಲಕ್ಕೆ ಒಮ್ಮೆ ಎಣಿಸಿ, ಹಿಂದಕ್ಕೆ ತಿರುಗಬೇಡಿ. ಹಾರಿ ಬಂದು ಕೂತದ್ದನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ನೂರಾರು ನಾಮದಕೋಳಿಗಳಿದ್ದರೆ ಹತ್ತನ್ನು ನಿಜವಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿದೆ ಅಂತ ಕಣ್ಣಿಗೆ ಕೂಡಿಸಿಕೊಂಡು, ಅದೇ ಅಳತೆಯಿಂದ ಗುಂಪನ್ನು ಅಳೆಯಿರಿ. ಮುಳುಗಿ ಏಳುವವನ್ನು ಮೂರು ಸಲ ಎಣಿಸಿ, ಹೆಚ್ಚು ಬಂದ ಅಂಕಿ ಇಟ್ಟುಕೊಳ್ಳಿ.

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ವಲಸೆಯವು ಸೇರಿ ಅಂಕಿ ಏರುತ್ತದೆ, ಸೂಜಿಬಾಲದ ಬಾತು ಬಂದರೆ ಈ ತಿಂಗಳುಗಳಲ್ಲೇ. ಪಟ್ಟೆತಲೆ ಹೆಬ್ಬಾತನ್ನು ಬಡಾವಣೆ ಕೆರೆಯಲ್ಲಿ ಹುಡುಕುವುದಕ್ಕಿಂತ ನಂಜನಗೂಡಿನ ಕಡೆ ಹದಿನಾರು ಎಂಬ ಊರಿನ ಕೆರೆಗೆ ಹೋಗುವುದು ಮೇಲು. ಏಪ್ರಿಲ್–ಮೇ ತಿಂಗಳಲ್ಲಿ ನೀರು ಇಳಿದು ಕೆಸರು ತೆರೆದಾಗ ಕೊಕ್ಕರೆ, ಕೆಂಬರಲು ಹೆಚ್ಚುತ್ತವೆ.

## ಹಕ್ಕಿಯಲ್ಲದವು

### ಹಂತ 10: ಕಾಲಡಿಯನ್ನೂ ನೋಡುವುದು

ಏರಿಯ ಕಲ್ಲಿನ ಮೇಲೆ ಬಿಸಿಲು ಕಾಯುವ ಆಮೆ, ಪೊದೆಯಿಂದ ಪೊದೆಗೆ ನುಸುಳುವ ಮುಂಗುಸಿ, ಎತ್ತರದ ಮರದಲ್ಲಿ ನೇತಾಡುವ ಬಾವಲಿ, ಏರೋಪ್ಲೇನ್ ಚಿಟ್ಟೆ, ಎಲ್ಲವನ್ನೂ ಅದೇ ನೋಟ್‌ಬುಕ್ಕಿಗೆ ಸೇರಿಸಿ. ಕಣ್ಣಿನ ಹಿಂದೆ ಕೆಂಪು ಪಟ್ಟೆಯ ಆಮೆ ಕಂಡರೆ ಅದು ಯಾರೋ ಸಾಕಲಾರದೆ ತಂದು ಬಿಟ್ಟ ವಿದೇಶಿ ಜಾತಿ. ದಯವಿಟ್ಟು ನೀವು ಆ ಕೆಲಸ ಮಾಡಬೇಡಿ.

ನೀರಂಚಿನಲ್ಲಿ ಚೌಕಳಿ ಮೈಯ ನೀರೊಳ್ಳೆ ಹಾವು ಸಾಮಾನ್ಯ. ವಿಷವಿಲ್ಲ, ಹಿಡಿದರೆ ಮಾತ್ರ ಕಚ್ಚುತ್ತದೆ. ಏರಿಯ ಹುಲ್ಲು ಬೇರೆ ಮಾತು, ಇಲಿಗಳಿರುವ ಕಡೆ ಕೊಳಕುಮಂಡಲವೂ ಇರಬಹುದು. ಮೊಣಕಾಲೆತ್ತರದ ಹುಲ್ಲಿಗೆ ಕಾಲಿಡಬೇಡಿ, ಸಂಜೆ ಟಾರ್ಚ್ ಇಲ್ಲದೆ ನಡೆಯಬೇಡಿ. ಹಾವು ಕಚ್ಚಿದರೆ ಕುಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಅಲುಗಾಡಿಸದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಕಡ್ಲೆಪುರಿ, ಬ್ರೆಡ್ಡು ಎಸೆಯುವುದನ್ನು ಇವತ್ತೇ ಬಿಡಿ. ಉಳಿದದ್ದು ಕೊಳೆತು ನೀರು ಕೆಡಿಸುತ್ತದೆ, ಜೊತೆಗೆ ಬೀದಿನಾಯಿಗಳನ್ನು ಗೂಡುಗಳ ಹತ್ತಿರ ಕರೆತರುತ್ತದೆ.

## ಎಚ್ಚರಿಕೆಯ ಚಿಹ್ನೆಗಳು

### ಹಂತ 11: ಯಾವಾಗ ಎಣಿಕೆ ನಿಲ್ಲಿಸಿ ಫೋನ್ ಮಾಡಬೇಕು

ಬೇಸಿಗೆಯ ನಸುಕಿನಲ್ಲಿ ಮೀನುಗಳು ನೀರಿನ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಲ್ಲಿ ಆಮ್ಲಜನಕ ಇಳಿದಿದೆ ಅಂತ ಅರ್ಥ. ರಾತ್ರಿಯೆಲ್ಲ ಪಾಚಿಯೂ ಕೊಳೆಯುವ ಕಸವೂ ಅದನ್ನು ಹೀರಿಕೊಂಡಿರುತ್ತವೆ. ಕೋಡಿಯ ಹತ್ತಿರ ನೊರೆ, ಚರಂಡಿ ನೀರಿನ ವಾಸನೆ, ವಾರದಿಂದ ವಾರಕ್ಕೆ ಅಂತರಗಂಗೆ ಹರಡುವುದು, ಇವನ್ನು ದಿನಾಂಕದ ಸಮೇತ ಬರೆದು, ಒಂದೇ ಜಾಗದಿಂದ ಫೋಟೋ ತೆಗೆದಿಡಿ. ಕೆರೆ ಯಾರ ಸುಪರ್ದಿಯಲ್ಲಿದೆಯೋ ಆ ಕಚೇರಿಗೆ ದೂರು ಕೊಡುವಾಗ ಅದು ಕೆಲಸಕ್ಕೆ ಬರುತ್ತದೆ.

ಹಕ್ಕಿ ಕುತ್ತಿಗೆ ಎತ್ತಲಾಗದೆ ಬಿದ್ದಿದ್ದರೆ, ಒಂದೇ ದಿನ ಮೂರು ನಾಲ್ಕು ಸತ್ತದ್ದು ಕಂಡರೆ, ಮುಟ್ಟಬೇಡಿ. ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ. 2017ರ ಜನವರಿಯಲ್ಲಿ ಹಕ್ಕಿಜ್ವರದಿಂದಾಗಿ ಮೈಸೂರು ಮೃಗಾಲಯವನ್ನೇ ಮುಚ್ಚಬೇಕಾಗಿ ಬಂದಿತ್ತು, ಹಾಗಾಗಿ ಇದು ಬರೀ ಹೆದರಿಕೆಯ ಮಾತಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ಜಾಗ, ಸಂಖ್ಯೆ, ಹೊತ್ತು ಹೇಳಿ.

ಗೂಡಿನ ವಿಷಯಕ್ಕೆ ಬೇರೆ ಎಚ್ಚರಿಕೆ. ಟಿಟ್ಟಿಭ ನಿಮ್ಮ ತಲೆಯ ಮೇಲೆ ಕೂಗುತ್ತಾ ಸುತ್ತಿದರೆ ನೀವು ಅದರ ಮೊಟ್ಟೆಗಳ ಹತ್ತಿರವಿದ್ದೀರಿ. ಅದು ನೆಲದ ಮೇಲೇ ಮೊಟ್ಟೆ ಇಡುತ್ತದೆ, ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ. ಗೂಡಿನ ಫೋಟೋ ಹಂಚಬೇಡಿ.

## ಮನೆಗೆ ಬಂದ ಮೇಲೆ

### ಹಂತ 12: ಪಟ್ಟಿ ಸೇರಿಸುವುದು

ಈಗ ಹೆಸರಿನ ಸರದಿ. ಟಿಪ್ಪಣಿ ಎದುರಿಗಿಟ್ಟುಕೊಂಡು, ಕೈಪಿಡಿಯ ಚಿತ್ರ ನೋಡಿ, ಎಲ್ಲರ ಹಕ್ಕಿ ಪಟ್ಟಿಗಳನ್ನು ಕೂಡಿಡುವ ಇಬರ್ಡ್ (eBird) ಜಾಲತಾಣಕ್ಕೆ ಅದೇ ದಿನ ಸೇರಿಸಿ. ಅದು ಉಚಿತ. ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ ಅಂತ ಕೇಳುತ್ತದೆ, ಅದಕ್ಕೆ ಕೆರೆಗೆ ಕಾಲಿಟ್ಟ ಹೊತ್ತನ್ನು ಗುರುತು ಹಾಕಿಕೊಂಡಿರಬೇಕು. ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂಬ ಪ್ರಶ್ನೆಗೆ, ಕಾಗೆ, ಮೈನಾ, ಪಾರಿವಾಳವನ್ನು ಬಿಟ್ಟಿದ್ದರೆ ಹೌದು ಅನ್ನಬೇಡಿ.

ಜಾತಿ ಗೊತ್ತಾಗದಿದ್ದರೆ ಊಹಿಸಬೇಡಿ. ಯಾವುದೋ ಬೆಳ್ಳಕ್ಕಿ, ಯಾವುದೋ ನೀರುಕಾಗೆ ಅಂತ ಗುಂಪಿನ ಹೆಸರಿನಲ್ಲೇ ಸೇರಿಸಲು ಅಲ್ಲಿ ಅವಕಾಶವಿದೆ. ಅಂಕಿ ಅಸಾಧಾರಣವಾಗಿದ್ದರೆ ಪರಿಶೀಲಿಸುವ ಸ್ವಯಂಸೇವಕರಿಂದ ನಿಮಗೊಂದು ಮೇಲ್ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಟಿಪ್ಪಣಿ ನೋಡಿ ಉತ್ತರ ಕೊಡಿ.

ನನಗೆ ಬಂದ ಮೊದಲ ಮೇಲ್ ಹಾವಕ್ಕಿಯ ಬಗ್ಗೆ. ಒಂದೇ ಕೆರೆಯಲ್ಲಿ 42 ಅಂತ ಬರೆದಿದ್ದೆ, ಹೇಗೆ ಗುರುತಿಸಿದಿರಿ ಅಂತ ಕೇಳಿದ್ದರು. ನೋಟ್‌ಬುಕ್ ತೆಗೆದರೆ ಆ ಪುಟದಲ್ಲಿ ಇದ್ದದ್ದು ಇಷ್ಟೇ: "ಕಪ್ಪು. ಮುಳುಗುತ್ತೆ. ರೆಕ್ಕೆ ಒಣಗಿಸುತ್ತೆ." ಪಡುವಣದ ದಡದಲ್ಲಿ, ಬಿಸಿಲಿಗೆ ಎದುರು ನಿಂತು ಬರೆದದ್ದು. ಹೆಸರು ಅಳಿಸಿ, ಯಾವುದೋ ನೀರುಕಾಗೆ, 42 ಅಂತ ತಿದ್ದಿದೆ.